ಹೆಸರು ಬದಿಗಿಡಿ, ವಾದ ಹಿಡಿಯಿರಿ: ಸಮಕಾಲೀನ ತತ್ವಶಾಸ್ತ್ರ ಓದುವ ಕ್ರಮ

ಸಮಕಾಲೀನ ತತ್ವಶಾಸ್ತ್ರ ಓದಬೇಕೆಂದು ಹೊರಟವರಲ್ಲಿ ಬಹಳ ಜನ ಮೊದಲ ತಿಂಗಳಲ್ಲೇ ಕೈಬಿಡುತ್ತಾರೆ. ಬುದ್ಧಿ ಸಾಲದೆ ಹೀಗಾಗುವುದು ಅಪರೂಪ. ಒಳಹೊಕ್ಕ ಬಾಗಿಲೇ ತಪ್ಪಿರುತ್ತದೆ. ಕೆಲವರು ಇತಿಹಾಸದ ದಪ್ಪ ಪುಸ್ತಕ ಹಿಡಿದು ಪ್ಲೇಟೋನಿಂದ ಶುರು ಮಾಡಿ, ಕಾಂಟ್‌ನ ಹತ್ತಿರ ಬರುವಷ್ಟರಲ್ಲಿ ಸುಸ್ತಾಗುತ್ತಾರೆ. ಕೆಲವರು ಫ್ರೆಂಚ್ ಚಿಂತಕ ಡೆರಿಡಾನಿಗೇ ನೇರ ಕೈಹಾಕಿ ಹತ್ತು ಪುಟಕ್ಕೆ ಮುಚ್ಚಿಡುತ್ತಾರೆ. ಇನ್ನು ಕೆಲವರು ಪಟ್ಟಿಗಳನ್ನು ಓದಿ, ರಾಲ್ಸ್ ಅಂದರೆ ಅಜ್ಞಾನದ ಪರದೆ, ಫೂಕೋ ಅಂದರೆ ಅಧಿಕಾರ, ಸರ್ಲ್ ಅಂದರೆ ಚೀನೀ ಕೋಣೆ ಎಂದು ಜೋಡಿಪದಗಳನ್ನು ಬಾಯಿಪಾಠ ಮಾಡುತ್ತಾರೆ. ಈ ಕೊನೆಯ ದಾರಿ ಎಲ್ಲಕ್ಕಿಂತ ಅಪಾಯದ್ದು, ಏಕೆಂದರೆ ಓದದೆಯೇ ಓದಿದ ಸಮಾಧಾನ ಕೊಡುತ್ತದೆ.

ಕಳೆದ ಎಪ್ಪತ್ತು ವರ್ಷಗಳ ತತ್ವಶಾಸ್ತ್ರದ ಬಹುಪಾಲು ಕೆಲಸ ನಡೆದಿರುವುದು ಚಿಕ್ಕ ಪ್ರಬಂಧಗಳಲ್ಲಿ. ಒಬ್ಬರು ಒಂದು ವಾದ ಇಡುತ್ತಾರೆ, ಇನ್ನೊಬ್ಬರು ಅದರ ಒಂದು ಕೊಂಡಿ ಮುರಿಯುತ್ತಾರೆ, ಮೂರನೆಯವರು ಬೆಸೆಯಲು ನೋಡುತ್ತಾರೆ. ಹಾಗಾಗಿ ಕಲಿಯುವವರು ಹಿಡಿಯಬೇಕಾದದ್ದು ವಾದವನ್ನು. ಯಾವ ಆಧಾರವಾಕ್ಯದಿಂದ ಯಾವ ತೀರ್ಮಾನಕ್ಕೆ ಹೋದರು, ನೀವು ಒಪ್ಪದಿದ್ದರೆ ಯಾವ ವಾಕ್ಯವನ್ನು ಬಿಟ್ಟುಕೊಡುತ್ತೀರಿ? ಇದಕ್ಕೆ ಉತ್ತರ ಹೇಳಲು ಬಂದರೆ ಆ ಚಿಂತಕರು ನಿಮಗೆ ದಕ್ಕಿದ್ದಾರೆ. ಬಾರದಿದ್ದರೆ ಹೆಸರು ಮಾತ್ರ ದಕ್ಕಿದೆ.

ಶುರುವಿಗೆ ಮುನ್ನ

ಒಂದು ನೋಟ್‌ಪುಸ್ತಕ, ಒಂದು ಪೆನ್ಸಿಲ್, ವಾರಕ್ಕೆ ನಾಲ್ಕು ದಿನ ತಲಾ ಒಂದು ಗಂಟೆ. ಈ ಲೆಕ್ಕದಲ್ಲಿ ಇಲ್ಲಿ ಹೇಳಿರುವುದೆಲ್ಲ ನಾಲ್ಕೈದು ತಿಂಗಳ ಕೆಲಸ. ನೆರವಿಗೆ ಸ್ಟ್ಯಾನ್‌ಫರ್ಡ್ ಎನ್‌ಸೈಕ್ಲೋಪೀಡಿಯಾ ಆಫ್ ಫಿಲಾಸಫಿ ಇದೆ. 1995ರಿಂದ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಈ ವಿಶ್ವಕೋಶದ ಲೇಖನಗಳನ್ನು ಆಯಾ ವಿಷಯದ ತಜ್ಞರೇ ಬರೆದು ಪರಿಷ್ಕರಿಸುತ್ತಾರೆ. ಆದರೆ ಬಳಸಲು ಒಂದು ಕ್ರಮವಿದೆ. ಮೂಲ ಪ್ರಬಂಧ ಓದುವ ಮುನ್ನ ವಿಶ್ವಕೋಶದ ಲೇಖನದ ಪೀಠಿಕೆ ಮಾತ್ರ ಓದಿ. ಪ್ರಬಂಧ ಮುಗಿಸಿ, ನಿಮ್ಮದೇ ಒಂದು ಆಕ್ಷೇಪ ಬರೆದಾದ ಮೇಲೆ ಅದರ ಆಕ್ಷೇಪಗಳ ಭಾಗಕ್ಕೆ ಹೋಗಿ. ಇಡೀ ಲೇಖನವನ್ನು ಮೊದಲೇ ಓದಿಬಿಟ್ಟರೆ, ಬೇರೆಯವರು ಕಂಡ ಬಿರುಕುಗಳೇ ನಿಮಗೂ ಕಾಣುತ್ತವೆ. ನಿಮ್ಮ ಕಣ್ಣಿಗೆ ಬೀಳಬಹುದಾಗಿದ್ದ ಬಿರುಕು ಹಾಗೇ ಉಳಿಯುತ್ತದೆ.

ನೋಟ್‌ಪುಸ್ತಕದ ಕೊನೆಯ ಹತ್ತು ಪುಟಗಳನ್ನು ಪದಗಳಿಗೆಂದು ಮೀಸಲಿಡಿ. ಇದರ ಅಗತ್ಯ ಮೊದಲ ವಾರದಲ್ಲೇ ಗೊತ್ತಾಗುತ್ತದೆ.

ಮೊದಲ ಹೆಜ್ಜೆ: ಮೂರು ಪುಟದ ಪ್ರಬಂಧ

ಎಡ್ಮಂಡ್ ಗೆಟಿಯರ್ 1963ರಲ್ಲಿ 'ಅನಾಲಿಸಿಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ ಮೂರೇ ಪುಟದ್ದು. ಕಲಿಕೆ ಶುರು ಮಾಡಲು ಇದಕ್ಕಿಂತ ಒಳ್ಳೆಯ ಬರಹ ಇಲ್ಲವೆಂದೇ ಹೇಳಬೇಕು. ಪ್ರಶ್ನೆ ಹಳೆಯದು: ಒಂದು ವಿಷಯ ಒಬ್ಬರಿಗೆ ಗೊತ್ತಿದೆ ಎನ್ನಲು ಏನೇನು ಬೇಕು? ರೂಢಿಯ ಉತ್ತರ ಮೂರು ಷರತ್ತುಗಳದ್ದು. ಆ ಮಾತು ನಿಜವಾಗಿರಬೇಕು, ಅವರು ಅದನ್ನು ನಂಬಿರಬೇಕು, ನಂಬಲು ತಕ್ಕ ಸಮರ್ಥನೆ ಇರಬೇಕು. ಈ ಮೂರೂ ಸೇರಿದರೂ ಸಾಲದು ಎನ್ನುತ್ತಾರೆ ಗೆಟಿಯರ್.

ಅವರ ಮೊದಲ ಉದಾಹರಣೆ ಹೀಗಿದೆ. ಸ್ಮಿತ್ ಮತ್ತು ಜೋನ್ಸ್ ಒಂದೇ ಕೆಲಸಕ್ಕೆ ಅರ್ಜಿ ಹಾಕಿದ್ದಾರೆ. ಕೆಲಸ ಜೋನ್ಸ್‌ಗೇ ಎಂದು ಕಂಪನಿಯ ಅಧ್ಯಕ್ಷರೇ ಸ್ಮಿತ್‌ಗೆ ಹೇಳಿದ್ದಾರೆ. ಜೋನ್ಸ್‌ನ ಜೇಬಿನಲ್ಲಿ ಹತ್ತು ನಾಣ್ಯಗಳಿರುವುದನ್ನು ಸ್ಮಿತ್ ಹತ್ತು ನಿಮಿಷದ ಹಿಂದೆ ತಾನೇ ಎಣಿಸಿದ್ದಾನೆ. ಹಾಗಾಗಿ 'ಕೆಲಸ ಸಿಗುವವನ ಜೇಬಿನಲ್ಲಿ ಹತ್ತು ನಾಣ್ಯಗಳಿವೆ' ಎಂದು ನಂಬುತ್ತಾನೆ. ಕೊನೆಗೆ ಕೆಲಸ ಸಿಗುವುದು ಸ್ಮಿತ್‌ಗೇ. ಅವನು ಎಣಿಸಿಕೊಂಡಿರಲಿಲ್ಲ, ಆದರೆ ಅವನ ಜೇಬಿನಲ್ಲೂ ಹತ್ತೇ ನಾಣ್ಯಗಳಿದ್ದವು. ನಂಬಿಕೆ ನಿಜವಾಯಿತು, ಸಮರ್ಥನೆಯೂ ಇತ್ತು. ಆದರೂ ಅವನಿಗೆ ಅದು ಗೊತ್ತಿತ್ತು ಅನ್ನಲು ನಾಲಿಗೆ ಹೊರಳುವುದಿಲ್ಲ.

ಇದನ್ನು ಮೂರು ಸಲ ಓದಬೇಕು, ಪ್ರತಿ ಸಲ ಬೇರೆ ರೀತಿ. ಮೊದಲ ಸಲ ಪೆನ್ಸಿಲ್ ಮುಟ್ಟದೆ, ಎಲ್ಲೂ ನಿಲ್ಲದೆ ಹದಿನೈದು ನಿಮಿಷದಲ್ಲಿ ಮುಗಿಸಿ, ಲೇಖಕರು ಯಾವುದನ್ನು ಅಲ್ಲಗಳೆಯುತ್ತಿದ್ದಾರೆ ಎಂದು ಒಂದೇ ವಾಕ್ಯ ಬರೆಯಿರಿ. ಎರಡನೆಯ ಸಲ ಅಂಚಿನಲ್ಲಿ ಗುರುತು ಹಾಕಿ: ತೀರ್ಮಾನಕ್ಕೆ 'ತೀ', ಆಧಾರವಾಕ್ಯಕ್ಕೆ 'ಆ', ಉದಾಹರಣೆಗೆ 'ಉ'. ಮೂರನೆಯ ಸಲ ಓದಿ ಮುಚ್ಚಿಟ್ಟು, ವಾದದ ಅಸ್ಥಿಪಂಜರವನ್ನು ನೆನಪಿನಿಂದ ಬರೆಯಿರಿ. ಅದು ಹೀಗೆ ಬರಬೇಕು:

1. ಜ್ಞಾನವೆಂದರೆ ಸಮರ್ಥನೆಯುಳ್ಳ ನಿಜ ನಂಬಿಕೆ ಎಂದಿಟ್ಟುಕೊಳ್ಳೋಣ.
2. ಸಮರ್ಥನೆ ಇದ್ದೂ ನಂಬಿಕೆ ಸುಳ್ಳಾಗಿರಬಹುದು.
3. ಸಮರ್ಥನೆಯುಳ್ಳ ನಂಬಿಕೆಯಿಂದ ಸರಿಯಾಗಿ ನಿಗಮಿಸಿದ ಮಾತಿಗೂ ಸಮರ್ಥನೆ ಸಲ್ಲುತ್ತದೆ.
4. ಸ್ಮಿತ್‌ನ ಮಾತು ನಿಜ, ಅವನು ಅದನ್ನು ನಂಬಿದ್ದಾನೆ, ಎರಡು ಮತ್ತು ಮೂರರ ಪ್ರಕಾರ ಸಮರ್ಥನೆಯೂ ಇದೆ.
5. ಆದರೂ ಅವನಿಗೆ ಅದು ಗೊತ್ತಿಲ್ಲ.
6. ಹಾಗಾದರೆ ಮೊದಲನೆಯ ಮಾತು ತಪ್ಪು.

ಬಹುತೇಕ ಎಲ್ಲರೂ ಎರಡು ಮತ್ತು ಮೂರನೆಯ ಸಾಲುಗಳನ್ನು ಬಿಟ್ಟುಬಿಡುತ್ತಾರೆ. ಗೆಟಿಯರ್ ಅವೆರಡನ್ನೂ ಉದಾಹರಣೆಗೆ ಮುಂಚೆಯೇ ಬಾಯಿಬಿಟ್ಟು ಹೇಳಿದ್ದಾರೆ, ಆದರೆ ಕಥೆಯ ಸೆಳೆತದಲ್ಲಿ ಓದುಗರ ಕಣ್ಣು ಅವುಗಳ ಮೇಲಿಂದ ಹಾರಿಹೋಗುತ್ತದೆ. ವಾದದ ಭಾರ ಹೊತ್ತಿರುವುದು ಅವೇ. ಮೂರನೆಯದನ್ನು ತಿರಸ್ಕರಿಸಿದರೆ ನಾಲ್ಕನೆಯದು ನಿಲ್ಲುವುದೇ ಇಲ್ಲ.

ಇಲ್ಲಿ ಕನ್ನಡದ ಓದುಗರಿಗೆ ಒಂದು ಎಚ್ಚರಿಕೆ. ಈ ಚರ್ಚೆಯಲ್ಲಿ 'ತಿಳಿ' ಎಂಬ ಕ್ರಿಯಾಪದವನ್ನು ದೂರವಿಡಿ. 'ಅವನು ಬಂದಿದ್ದಾನೆ ಎಂದು ತಿಳಿದುಕೊಂಡಿದ್ದೆ' ಅಂದರೆ ಅವನು ಬಂದಿರಲಿಲ್ಲ ಎಂದೇ ಅರ್ಥವಾಗುವುದುಂಟು. ತಿಳಿಯುವುದರಲ್ಲಿ ಅರಿವೂ ಇದೆ, ಬರೀ ಭಾವಿಸುವಿಕೆಯೂ ಇದೆ. 'ಗೊತ್ತಿತ್ತು' ಹಾಗಲ್ಲ. 'ಅವನು ಬಂದಿದ್ದು ಗೊತ್ತಿತ್ತು, ಆದರೆ ಅವನು ಬಂದಿರಲಿಲ್ಲ' ಎಂದು ಯಾರೂ ಹೇಳುವುದಿಲ್ಲ. ಉದಾಹರಣೆಗಳನ್ನು ಸದಾ 'ಗೊತ್ತು' ಎಂಬ ಪದದಿಂದಲೇ ಪರೀಕ್ಷಿಸಿ. ಪದಗಳ ಪುಟದಲ್ಲಿ ಇದೇ ಮೊದಲ ನಮೂದಾಗಲಿ.

ಇನ್ನು ನೀವೇ ಒಂದು ಗೆಟಿಯರ್ ಪ್ರಸಂಗ ಕಟ್ಟಿ. ಲಿಂಡಾ ಝಾಗ್ಝೆಬ್ಸ್ಕಿ 1994ರಲ್ಲಿ ಇದರ ಸೂತ್ರವನ್ನೇ ಬಿಡಿಸಿ ಇಟ್ಟರು. ಗಟ್ಟಿಯಾದ ಸಮರ್ಥನೆಯುಳ್ಳ ಒಂದು ನಂಬಿಕೆ ತೆಗೆದುಕೊಳ್ಳಿ. ಒಂದು ದುರದೃಷ್ಟದಿಂದ ಅದು ಸುಳ್ಳಾಗುವಂತೆ ಮಾಡಿ. ಆಮೇಲೆ ಇನ್ನೊಂದು ಅದೃಷ್ಟದಿಂದ ಅದೇ ನಂಬಿಕೆ ನಿಜವಾಗುವಂತೆ ಮಾಡಿ. ನಿಂತುಹೋದ ಗಡಿಯಾರ ಇದಕ್ಕೆ ಸುಲಭದ ಮಾದರಿ. ಅದರ ಮುಳ್ಳು 4 ಗಂಟೆ 10 ನಿಮಿಷ ತೋರಿಸುತ್ತಿದೆ, ನೀವು ತಲೆಯೆತ್ತಿ ನೋಡಿದ್ದೂ ಸರಿಯಾಗಿ 4 ಗಂಟೆ 10ಕ್ಕೆ. ನಿಂತ ಗಡಿಯಾರದ ಈ ಮಾತನ್ನು ಬರ್ಟ್ರಂಡ್ ರಸೆಲ್ 1948ರಷ್ಟು ಹಿಂದೆಯೇ ಆಡಿದ್ದರು. ಹೊಸಬರ ಪ್ರಸಂಗಗಳು ಸೋಲುವುದು ಸಾಮಾನ್ಯವಾಗಿ ಮೊದಲ ಹಂತದಲ್ಲಿ. ಸಮರ್ಥನೆ ಸಡಿಲವಾಗಿರುತ್ತದೆ, ಬರೀ ಊಹೆ ಆಗಿರುತ್ತದೆ. ಆಗ ಎರಡನೆಯ ಷರತ್ತೋ ಮೂರನೆಯದೋ ಮೊದಲೇ ಬಿದ್ದುಹೋಗುವುದರಿಂದ ಪ್ರಸಂಗಕ್ಕೆ ಬೆಲೆಯಿಲ್ಲ.

ಒಂದು ಸಂಗತಿ ಇಲ್ಲಿ ಹೇಳಲೇಬೇಕು. ಎಂಟನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮೋತ್ತರ ಇದೇ ಜಾತಿಯ ಉದಾಹರಣೆ ಕೊಟ್ಟಿದ್ದಾನೆ. ಮಾಂಸ ಸುಡಲು ಆಗ ತಾನೇ ಬೆಂಕಿ ಹಚ್ಚಿದ್ದಾರೆ, ಹೊಗೆ ಇನ್ನೂ ಎದ್ದಿಲ್ಲ. ವಾಸನೆಗೆ ಮುತ್ತಿದ ಕೀಟಗಳ ಗುಂಪನ್ನು ದೂರದಿಂದ ನೋಡಿದವನು ಹೊಗೆಯೆಂದು ಭ್ರಮಿಸಿ, ಅಲ್ಲಿ ಬೆಂಕಿಯಿದೆ ಎಂದು ತೀರ್ಮಾನಿಸುತ್ತಾನೆ. ಬೆಂಕಿಯೇನೋ ಇದೆ. 'ಪರ್ವತದಲ್ಲಿ ಹೊಗೆ, ಹಾಗಾಗಿ ಬೆಂಕಿ' ಎಂಬ ಅನುಮಾನದ, ಅಂದರೆ ಕಂಡದ್ದರಿಂದ ಕಾಣದ್ದನ್ನು ನಿಗಮಿಸುವ, ಪಾಠ ಕೇಳಿದವರಿಗೆ ಗೆಟಿಯರ್ ಅಪರಿಚಿತ ಅನ್ನಿಸಬೇಕಾಗಿಲ್ಲ.

ಇನ್ನೆರಡು ದಿನ ಉತ್ತರಗಳಿಗೆ ಕೊಡಿ. ಸುಳ್ಳು ಮೆಟ್ಟಿಲಿನ ಮೇಲೆ ನಿಂತ ನಂಬಿಕೆ ಜ್ಞಾನವಲ್ಲ ಎಂದು ನಾಲ್ಕನೆಯ ಷರತ್ತು ಸೇರಿಸಿದರೆ ಸ್ಮಿತ್‌ನ ಪ್ರಸಂಗ ಬಗೆಹರಿಯುತ್ತದೆ. ಆಲ್ವಿನ್ ಗೋಲ್ಡ್‌ಮನ್ 1976ರ ಪ್ರಬಂಧದಲ್ಲಿ ಚರ್ಚಿಸಿದ ಪ್ರಸಂಗ ಆ ಷರತ್ತಿಗೂ ಸಿಗುವುದಿಲ್ಲ. ಒಬ್ಬ ಕಾರಿನಲ್ಲಿ ಹೋಗುತ್ತ ಧಾನ್ಯ ತುಂಬುವ ಒಂದು ಕಣಜ ನೋಡಿ 'ಅದು ಕಣಜ' ಅನ್ನುತ್ತಾನೆ. ಅದು ನಿಜದ ಕಣಜವೇ. ಆದರೆ ಅವನಿಗೆ ಗೊತ್ತಿಲ್ಲದಂತೆ ಆ ಸೀಮೆಯ ತುಂಬ ಕಣಜದ ಮುಂಭಾಗದಂತೆ ಕಾಣುವ ಬರೀ ಹಲಗೆಗಳಿವೆ. ಅವನು ಯಾವ ಸುಳ್ಳು ಮೆಟ್ಟಿಲನ್ನೂ ತುಳಿದಿಲ್ಲ, ನೇರ ಕಣ್ಣಲ್ಲಿ ಕಂಡಿದ್ದಾನೆ. ಗೊತ್ತಿತ್ತು ಅನ್ನಲು ಮಾತ್ರ ಮನಸ್ಸು ಹಿಂಜರಿಯುತ್ತದೆ. 2000ದಲ್ಲಿ ಟಿಮತಿ ವಿಲಿಯಮ್‌ಸನ್ ಇಡೀ ಆಟವನ್ನೇ ತಿರುಗಿಸಿದರು: ಜ್ಞಾನವನ್ನು ನಂಬಿಕೆ ಮತ್ತಿತರ ಬಿಡಿಭಾಗಗಳಿಂದ ಜೋಡಿಸುವ ಯತ್ನವನ್ನೇ ಬಿಡಿ, ಜ್ಞಾನದಿಂದಲೇ ಶುರು ಮಾಡಿ ಎಂದರು.

ಎರಡನೆಯ ಹೆಜ್ಜೆ: ಒಪ್ಪಲು ಕಷ್ಟ, ಬಿಡಲೂ ಕಷ್ಟ

ಪೀಟರ್ ಸಿಂಗರ್ 1972ರಲ್ಲಿ ಪ್ರಕಟಿಸಿದ ಬರಗಾಲ, ಸಮೃದ್ಧಿ ಮತ್ತು ನೈತಿಕತೆ ಕುರಿತ ಪ್ರಬಂಧ ಹದಿನೈದು ಪುಟದ್ದು. 1971ರ ನವೆಂಬರಿನಲ್ಲಿ, ಪೂರ್ವ ಬಂಗಾಳದಲ್ಲಿ ಜನ ಅನ್ನ, ನೆರಳು, ಔಷಧಿಯಿಲ್ಲದೆ ಸಾಯುತ್ತಿದ್ದಾಗ ಬರೆದದ್ದು. ಅಸ್ಥಿಪಂಜರ ಸರಳ. ಅನ್ನ, ವಸತಿ, ಚಿಕಿತ್ಸೆ ಇಲ್ಲದೆ ನರಳುವುದು, ಸಾಯುವುದು ಕೆಟ್ಟದ್ದು. ಅಷ್ಟೇ ತೂಕದ ಇನ್ನೊಂದನ್ನು ಬಲಿಕೊಡದೆ ಒಂದು ಕೆಡುಕನ್ನು ತಡೆಯಲು ನಮ್ಮಿಂದಾದರೆ, ತಡೆಯಲೇಬೇಕು. ಪರಿಹಾರ ಕಾರ್ಯಕ್ಕೆ ಹಣ ಕೊಟ್ಟು ಅಂಥ ಕೆಡುಕನ್ನು ತಡೆಯಬಹುದು. ಹಾಗಾದರೆ ಕೊಡಲೇಬೇಕು, ಅದು ದಾನವಲ್ಲ, ಕರ್ತವ್ಯ.

ಎರಡನೆಯ ವಾಕ್ಯವನ್ನು ಒಪ್ಪಿಸಲು ಬರುವುದೇ ಹೆಸರಾಂತ ಕೊಳದ ಉದಾಹರಣೆ. ಆಳವಿಲ್ಲದ ಕೊಳದಲ್ಲಿ ಮಗು ಮುಳುಗುತ್ತಿದೆ, ಇಳಿದರೆ ನಿಮ್ಮ ಬಟ್ಟೆ ಕೆಸರಾಗುತ್ತದೆ, ಅಷ್ಟೇ. ಇಳಿಯಬೇಡವೇ? ಈ ವಾಕ್ಯಕ್ಕೆ ಸಿಂಗರ್ ಎರಡು ರೂಪ ಕೊಡುತ್ತಾರೆ: 'ಅಷ್ಟೇ ತೂಕದ್ದನ್ನು ಬಲಿಕೊಡದೆ' ಎಂಬ ಕಟುರೂಪ, 'ನೈತಿಕವಾಗಿ ಮಹತ್ವದ ಏನನ್ನೂ ಬಲಿಕೊಡದೆ' ಎಂಬ ಮೃದುರೂಪ. ಎರಡನ್ನೂ ಬೇರೆಬೇರೆ ಸಾಲಲ್ಲಿ ಬರೆದುಕೊಳ್ಳಿ. ಮೃದುರೂಪವೊಂದೇ ಸಾಕು, ಬದುಕು ಬುಡಮೇಲಾಗಲು ಎಂಬುದು ಅವರ ವಾದ.

ಈಗ ಆಕ್ಷೇಪ ಎತ್ತಿ. ಇಲ್ಲೇ ಹೆಚ್ಚಿನವರು ಎಡವುತ್ತಾರೆ. 'ಯಾರೂ ಹಾಗೆ ಬದುಕುವುದಿಲ್ಲ' ಎಂಬ ಉತ್ತರ ಯಾವ ಆಧಾರವಾಕ್ಯವನ್ನೂ ಮುಟ್ಟುವುದಿಲ್ಲ. ಯಾರೂ ಹಾಗೆ ಬದುಕುವುದಿಲ್ಲ ಎಂಬುದೇ ಸಿಂಗರ್ ಅವರ ದೂರು. 'ಹಣ ಸರಿಯಾದ ಕೈಗೆ ಸೇರುವುದಿಲ್ಲ' ಎಂಬುದು ಮೂರನೆಯ ವಾಕ್ಯದ ಮೇಲಿನ ವಾಸ್ತವದ ಆಕ್ಷೇಪ. ಅದು ಗೆದ್ದರೂ ಕೊಡುವ ದಾರಿ ಬದಲಾಗಬಹುದು, ಕರ್ತವ್ಯ ಅಳಿಯುವುದಿಲ್ಲ. ನೇರ ಪೆಟ್ಟು ಬೀಳಬೇಕಾದದ್ದು ಎರಡನೆಯ ವಾಕ್ಯಕ್ಕೆ. ಅದರ ಷರತ್ತು ಪೂರೈಸಿದ್ದೂ ಕರ್ತವ್ಯ ಇಲ್ಲ ಅನ್ನಿಸುವ ಒಂದು ಸನ್ನಿವೇಶ ಹುಡುಕಿ.

ಹುಡುಕುವ ವಿಧಾನ: ಕೊಳವನ್ನು ಹಾಗೇ ಇಟ್ಟು ಒಂದು ಸಲಕ್ಕೆ ಒಂದೇ ಅಂಶ ಬದಲಿಸಿ. ಕೊಳ ಸಾವಿರ ಮೈಲಿ ದೂರದಲ್ಲಿದ್ದು ಗುಂಡಿ ಒತ್ತಿದರೆ ಮಗು ಪಾರಾಗುವಂತಿದ್ದರೆ? ದಡದಲ್ಲಿ ಇನ್ನೂ ಹತ್ತು ಜನ ಸುಮ್ಮನೆ ನಿಂತಿದ್ದರೆ? ಇವೆರಡನ್ನೂ ಸಿಂಗರ್ ತಾವೇ ಎದುರಿಸಿ, ದೂರವಾಗಲಿ ಜನರ ಸಂಖ್ಯೆಯಾಗಲಿ ಕರ್ತವ್ಯವನ್ನು ಕುಗ್ಗಿಸದು ಅನ್ನುತ್ತಾರೆ. ಮೂರನೆಯದಾಗಿ, ದಿನಾ ಬೆಳಿಗ್ಗೆ ಅದೇ ಕೊಳದಲ್ಲಿ ಹೊಸದೊಂದು ಮಗು ಮುಳುಗುತ್ತಿದ್ದರೆ, ಸಾಯುವ ತನಕ? ಈ ಬದಲಾವಣೆಯೇ ನಿಜವಾದ ಒತ್ತಡ ತರುತ್ತದೆ ಎಂಬುದು ನನ್ನ ಎಣಿಕೆ. ನಮ್ಮ ಬದುಕನ್ನು ನಮ್ಮದಾಗಿಸುವ ಯೋಜನೆಗಳಿಗೆ ಇಲ್ಲಿ ಜಾಗವೆಲ್ಲಿ ಎಂಬ ಪ್ರಶ್ನೆ ಆಗ ಏಳುತ್ತದೆ. ಒಟ್ಟು ಒಳಿತು ಹೆಚ್ಚಿಸುವ ಕೆಲಸವೇ ಸರಿ ಎನ್ನುವ ಉಪಯುಕ್ತತಾವಾದದ ವಿರುದ್ಧ ಬರ್ನಾರ್ಡ್ ವಿಲಿಯಮ್ಸ್ 1973ರಲ್ಲಿ ಎತ್ತಿದ ಆಕ್ಷೇಪ ಇದೇ ದಿಕ್ಕಿನದು.

ಕಲ್ಪಿತ ಪ್ರಸಂಗಗಳನ್ನು ಬಳಸುವ ಬಗೆ

ರೈಲುಬಂಡಿಯ ಒಗಟು ಎಲ್ಲರಿಗೂ ಗೊತ್ತು. ಹಿಡಿತ ತಪ್ಪಿದ ಬಂಡಿ ಹಳಿಯ ಮೇಲಿನ ಐವರತ್ತ ನುಗ್ಗುತ್ತಿದೆ, ಅವರನ್ನು ಉಳಿಸಲು ಇನ್ನೊಂದು ಹಳಿಯ ಒಬ್ಬನ ಕಡೆಗೆ ಅದನ್ನು ತಿರುಗಿಸಬಹುದೇ ಎಂಬ ಪ್ರಶ್ನೆಯನ್ನು ಜನ ಸ್ವಭಾವ ಪರೀಕ್ಷೆಯಂತೆ ಆಡುತ್ತಾರೆ, ತಿರುಗಿಸುತ್ತೇನೆ ಅಥವಾ ಇಲ್ಲ ಎಂದು ಹೇಳಿ ಮುಗಿಸುತ್ತಾರೆ. ಫಿಲಿಪ್ಪಾ ಫುಟ್ 1967ರಲ್ಲಿ ಅದನ್ನು ಬರೆದದ್ದು ಒಂದು ಜೋಡಿಯ ಅರ್ಧವಾಗಿ. ಇನ್ನರ್ಧದಲ್ಲಿ ಒಬ್ಬ ನ್ಯಾಯಾಧೀಶನಿದ್ದಾನೆ. ಅಪರಾಧಿ ಬೇಕೆಂದು ದೊಂಬಿಯವರು ಪಟ್ಟುಹಿಡಿದಿದ್ದಾರೆ, ಇಲ್ಲದಿದ್ದರೆ ಒತ್ತೆಯಾಳುಗಳಾದ ಐವರನ್ನು ಕೊಲ್ಲುತ್ತಾರೆ. ನಿರಪರಾಧಿಯೊಬ್ಬನ ಮೇಲೆ ಸುಳ್ಳು ಆರೋಪ ಹೊರಿಸಿ ಅವನು ಐವರನ್ನು ಉಳಿಸಬಹುದೇ? ಎರಡೂ ಕಡೆ ಐವರಿಗೆ ಒಬ್ಬನ ಲೆಕ್ಕವೇ. ಚಾಲಕ ತಿರುಗಿಸಬಹುದು, ನ್ಯಾಯಾಧೀಶ ಮಾಡಕೂಡದು ಅನ್ನಿಸಿದರೆ ಆ ವ್ಯತ್ಯಾಸಕ್ಕೆ ಕಾರಣವೇನು? ಫುಟ್ ಕೊಟ್ಟ ಕಾರಣ ಇದು: ಹಾನಿ ಮಾಡದಿರುವ ಕರ್ತವ್ಯ ನೆರವಾಗುವ ಕರ್ತವ್ಯಕ್ಕಿಂತ ಬಿಗಿಯಾದದ್ದು. ಚಾಲಕನಿಗೆ ಎರಡೂ ಬದಿಯಲ್ಲಿ ಹಾನಿಯ ಪ್ರಶ್ನೆ. ನ್ಯಾಯಾಧೀಶನಿಗೆ ಒಂದು ಬದಿಯಲ್ಲಿ ಹಾನಿ, ಇನ್ನೊಂದು ಬದಿಯಲ್ಲಿ ನೆರವು.

ಹಾಗಾಗಿ ಯಾವುದೇ ಕಲ್ಪಿತ ಪ್ರಸಂಗ ಓದಿದಾಗ ಅದರ ಜೋಡಿ ಯಾವುದು ಎಂದು ಮೊದಲು ಹುಡುಕಿ. ಎರಡು ಕಾಲಂ ಎಳೆದು ಒಂದೇ ಆಗಿರುವುದನ್ನು ಎಡಕ್ಕೆ, ಬೇರೆಯಾಗಿರುವುದನ್ನು ಬಲಕ್ಕೆ ಬರೆಯಿರಿ. ಬಲಗಡೆ ಎರಡು ಮೂರು ಅಂಶ ಸೇರಿಕೊಂಡರೆ ಪ್ರಸಂಗ ಏನನ್ನೂ ತೋರಿಸುತ್ತಿಲ್ಲ, ಏಕೆಂದರೆ ಯಾವ ಅಂಶ ಕೆಲಸ ಮಾಡಿತು ಎಂದು ಹೇಳಲಾಗದು. ಇನ್ನೊಂದು ಮಾತು: ಮೊದಲ ತೀರ್ಪಿಗೆ ಅಂಟಿಕೊಳ್ಳಬೇಡಿ. ಈ ಒಗಟಿಗೆ 1976ರಲ್ಲಿ ಹೆಸರಿಟ್ಟು ದಶಕಗಟ್ಟಲೆ ಅದರ ಮೇಲೆ ದುಡಿದ ಜೂಡಿತ್ ಜಾರ್ವಿಸ್ ಥಾಮ್ಸನ್, 2008ರಲ್ಲಿ ತಮ್ಮ ಹಿಂದಿನ ಅಭಿಪ್ರಾಯ ಬದಲಿಸಿ, ಪಕ್ಕದಲ್ಲಿ ನಿಂತ ದಾರಿಹೋಕರು ಬಂಡಿ ತಿರುಗಿಸಕೂಡದು ಎಂದರು.

ಸರಪಳಿಗಳು

ಇಷ್ಟಾದ ಮೇಲೆ ಒಂದೇ ಪ್ರಶ್ನೆಯ ಸುತ್ತ ಮೂರು ನಾಲ್ಕು ಚಿಂತಕರನ್ನು ಸಾಲಾಗಿ ಓದಬಹುದು. ನ್ಯಾಯದ ಸರಪಳಿಯಲ್ಲಿ ಜಾನ್ ರಾಲ್ಸ್ ಅವರ 1971ರ ಗ್ರಂಥವೇ ಮೊದಲ ಕೊಂಡಿ. ಅದು ಸುಮಾರು ಆರುನೂರು ಪುಟದ್ದು, ಆದರೆ ಇಡೀ ಓದಬೇಕಾಗಿಲ್ಲ. ಮುನ್ನುಡಿಯಲ್ಲಿ ರಾಲ್ಸ್ ಅವರೇ ದಾರಿ ತೋರಿಸಿದ್ದಾರೆ: 1ರಿಂದ 4ನೆಯ ವಿಭಾಗಗಳು, ಅಲ್ಲಿಂದ 11ರಿಂದ 17, ಆಮೇಲೆ ಮೂರನೆಯ ಅಧ್ಯಾಯ ಪೂರ್ತಿ, ನಂತರ 33ರಿಂದ 35 ಹಾಗೂ 39, 40. ಇದು ಗ್ರಂಥದ ಮೂರನೆಯ ಒಂದು ಭಾಗದಷ್ಟು. ದಿನಕ್ಕೆ ಎಂಟು ಪುಟವೆಂದರೆ ಆರೇಳು ವಾರದ ಓದು.

ಅಜ್ಞಾನದ ಪರದೆಯ ಬಗ್ಗೆ ಎರಡು ತಪ್ಪುಗಳು ವ್ಯಾಪಕ. 'ನಿಮ್ಮನ್ನು ಬಡವರ ಜಾಗದಲ್ಲಿ ಇಟ್ಟು ನೋಡಿ' ಎಂದು ರಾಲ್ಸ್ ಹೇಳುತ್ತಿಲ್ಲ. ನೀವು ಯಾರೆಂಬುದೇ ನಿಮಗೆ ಗೊತ್ತಿಲ್ಲ, ನಿಮ್ಮ ವರ್ಗ, ಪ್ರತಿಭೆ, ಬದುಕಿನ ಗುರಿ ಯಾವುದೂ ಗೊತ್ತಿಲ್ಲ, ಆ ಸ್ಥಿತಿಯಲ್ಲಿ ಸಮಾಜದ ಮೂಲ ನಿಯಮಗಳನ್ನು ಆರಿಸಿ ಅನ್ನುತ್ತಾರೆ. ಇಲ್ಲಿ ಕೆಲಸ ಮಾಡುವುದು ಅನುಕಂಪವಲ್ಲ, ಮಾಹಿತಿಯ ಅಭಾವ. ಎರಡನೆಯದಾಗಿ, ಅವರ ಭೇದ ತತ್ವ ಎಲ್ಲರಿಗೂ ಸಮಪಾಲು ಅನ್ನುವುದಿಲ್ಲ. ತೀರ ಕೆಳಗಿರುವವರಿಗೆ ಹೆಚ್ಚು ಒಳಿತಾಗುವ ಅಸಮಾನತೆಗೆ ಅದು ಅವಕಾಶ ಕೊಡುತ್ತದೆ. ಆದರೆ ಸಮಾನ ಸ್ವಾತಂತ್ರ್ಯಗಳು ಮೊದಲು, ನ್ಯಾಯವಾದ ಅವಕಾಶ ಆಮೇಲೆ, ಅನಂತರವೇ ಇದು. ಕನ್ನಡದಲ್ಲಿ ಓದಿ ಬರೆಯುವವರು 'ನ್ಯಾಯ' ಎಂಬ ಒಂದೇ ಪದದಿಂದ ರಾಲ್ಸ್‌ರ ಎರಡು ಪದಗಳನ್ನು ಮುಚ್ಚಿಬಿಡುವ ಅಪಾಯವಿದೆ. ಸಂಸ್ಥೆಗಳ ಗುಣಕ್ಕೆ 'ನ್ಯಾಯ', ಆಯ್ಕೆಯ ಸನ್ನಿವೇಶ ಯಾರ ಕಡೆಗೂ ವಾಲದಿರುವುದಕ್ಕೆ 'ನಿಷ್ಪಕ್ಷತೆ' ಎಂದು ಬೇರೆ ಇಟ್ಟುಕೊಂಡರೆ ಗ್ರಂಥದ ಕೇಂದ್ರವಾಕ್ಯ ಅರ್ಥವಾಗುತ್ತದೆ: ನಿಷ್ಪಕ್ಷ ಸನ್ನಿವೇಶದಲ್ಲಿ ಆರಿಸಿದ ನಿಯಮಗಳೇ ನ್ಯಾಯದ ನಿಯಮಗಳು.

ರಾಬರ್ಟ್ ನೋಜಿಕ್ 1974ರಲ್ಲಿ ಕೊಟ್ಟ ಉತ್ತರಕ್ಕೆ ಒಂದು ವಾರ ಸಾಕು. ಬ್ಯಾಸ್ಕೆಟ್‌ಬಾಲ್ ಆಟಗಾರ ವಿಲ್ಟ್ ಚೇಂಬರ್ಲಿನ್ ಆಡುವುದನ್ನು ನೋಡಲು ಹತ್ತು ಲಕ್ಷ ಜನ ತಲಾ 25 ಸೆಂಟ್ ತಾವಾಗಿಯೇ ಅವನಿಗೆ ಕೊಟ್ಟರು. ಅವನ ಬಳಿ ಈಗ 2,50,000 ಡಾಲರ್ ಇದೆ. ಮೊದಲಿನ ಹಂಚಿಕೆ ನ್ಯಾಯವಾಗಿತ್ತು, ಪ್ರತಿ ಹೆಜ್ಜೆ ಸ್ವಇಚ್ಛೆಯದು. ಹಾಗಾದರೆ ಹೊಸ ಹಂಚಿಕೆ ಅನ್ಯಾಯ ಹೇಗೆ? ಇಲ್ಲಿ ಅಡಗಿರುವ ಆಧಾರವಾಕ್ಯವನ್ನು ನೀವೇ ಹೊರಗೆಳೆಯಿರಿ. ಮೊದಲ ಹಂಚಿಕೆಯಲ್ಲಿ ಜನರಿಗೆ ಸಿಕ್ಕಿದ್ದು ಯಾವ ಹಕ್ಕು? ಬೇಕಾದಂತೆ ವರ್ಗಾಯಿಸುವ ಪೂರ್ಣ ಹಕ್ಕೋ, ತೆರಿಗೆಗೆ ಒಳಪಟ್ಟ ಹಕ್ಕೋ? ಪೂರ್ಣ ಹಕ್ಕು ಎಂದು ಮೊದಲೇ ಒಪ್ಪಿಕೊಂಡರೆ ತೀರ್ಮಾನ ಸಲೀಸಾಗಿ ಬರುತ್ತದೆ, ಆದರೆ ಚರ್ಚೆ ಇದ್ದದ್ದೇ ಅದರ ಬಗ್ಗೆ.

ಅಮರ್ತ್ಯ ಸೇನ್ 1979ರ ಉಪನ್ಯಾಸದಲ್ಲಿ ಕೇಳಿದ್ದು, ಸಮಾನತೆ ಸರಿ, ಯಾವುದರ ಸಮಾನತೆ? ಅದೇ ಸಂಪನ್ಮೂಲ ಕೊಟ್ಟರೂ ಅಂಗವಿಕಲರೊಬ್ಬರು ಅದರಿಂದ ಮಾಡಬಲ್ಲದ್ದು ಬೇರೆ. ಹಾಗಾಗಿ ಅಳೆಯಬೇಕಾದದ್ದು ಸಾಮರ್ಥ್ಯವನ್ನು, ಜನ ಏನು ಮಾಡಬಲ್ಲರು, ಏನಾಗಬಲ್ಲರು ಎಂಬುದನ್ನು. 2009ರ ಗ್ರಂಥದಲ್ಲಿ ಮೂರು ಮಕ್ಕಳು ಒಂದು ಕೊಳಲಿಗೆ ಜಗಳವಾಡುತ್ತಾರೆ. ಒಬ್ಬಳಿಗೆ ಮಾತ್ರ ನುಡಿಸಲು ಬರುತ್ತದೆ, ಒಬ್ಬನ ಬಳಿ ಬೇರೆ ಆಟಿಕೆಯೇ ಇಲ್ಲ, ಇನ್ನೊಬ್ಬಳು ಅದನ್ನು ತಿಂಗಳುಗಟ್ಟಲೆ ಕೂತು ಮಾಡಿದವಳು. ಕೊಳಲು ಯಾರಿಗೆ ಎಂಬ ಮತ ಎಣಿಸಬೇಡಿ. ಮೂವರ ಹಕ್ಕಿಗೂ ತಕ್ಕ ಕಾರಣವಿದ್ದು, ಪರಿಪೂರ್ಣ ನ್ಯಾಯದ ಒಂದೇ ಚಿತ್ರಕ್ಕೆ ನಿಷ್ಪಕ್ಷರೆಲ್ಲರೂ ಬಂದು ತಲುಪುತ್ತಾರೆಂಬ ಭರವಸೆಯನ್ನು ಈ ಉದಾಹರಣೆ ಅಲುಗಿಸುತ್ತದೆ. ಅದು ರಾಲ್ಸ್‌ರ ಯಾವ ಸಾಲಿಗೆ ತಾಗುತ್ತದೆ ಎಂದು ಗುರುತಿಸುವುದು ಈ ಸರಪಳಿಯ ಕೊನೆಯ ಅಭ್ಯಾಸ.

ಪ್ರಜ್ಞೆಯ ಸರಪಳಿ ಚಿಕ್ಕದು, ಮೂರು ವಾರದ್ದು. ಮೊದಲು ಪದದ ತೊಡಕು ಬಿಡಿಸಿಕೊಳ್ಳಿ. ಕನ್ನಡದಲ್ಲಿ ಪ್ರಜ್ಞೆ ತಪ್ಪಿ ಬೀಳುತ್ತೇವೆ, ಸಾಮಾಜಿಕ ಪ್ರಜ್ಞೆ ಬೆಳೆಸಿಕೊಳ್ಳುತ್ತೇವೆ, ಸಮಯಪ್ರಜ್ಞೆ ಮೆರೆಯುತ್ತೇವೆ. ಥಾಮಸ್ ನೇಗಲ್ 1974ರಲ್ಲಿ ಕೇಳಿದ್ದು ಇವು ಯಾವುದರ ಬಗ್ಗೆಯೂ ಅಲ್ಲ. ಪ್ರತಿಧ್ವನಿಯಿಂದ ದಾರಿ ಕಾಣುವ ಬಾವಲಿಗೆ ಹಾಗೆ ಕಾಣುವುದು ಹೇಗನ್ನಿಸುತ್ತದೆ ಎಂದು. ಹೊರಗಿನ ವಿವರ ಎಷ್ಟು ಕೂಡಿಸಿದರೂ ಆ 'ಅನ್ನಿಸುವಿಕೆ' ಸಿಗುವುದಿಲ್ಲ. ಇಲ್ಲಿಂದ ಓದುಗರು ಭೌತವಾದ, ಅಂದರೆ ಇರುವುದೆಲ್ಲ ಭೌತಿಕವೇ ಎಂಬ ನಿಲುವು, ಸುಳ್ಳೆಂದು ನೇಗಲ್ ಸಾಧಿಸಿದರು ಎಂದು ಬರೆದುಬಿಡುತ್ತಾರೆ. ಅವರು ಹಾಗೆ ಹೇಳಿಲ್ಲ. ಭೌತವಾದ ನಿಜವಾಗಿರಬಹುದು, ಹೇಗೆ ನಿಜವಾಗಬಲ್ಲದೆಂದು ಅರ್ಥಮಾಡಿಕೊಳ್ಳುವ ಪರಿಕಲ್ಪನೆ ನಮ್ಮ ಬಳಿ ಇನ್ನೂ ಇಲ್ಲ ಎಂಬುದು ಅವರ ಮಾತು.

ಫ್ರಾಂಕ್ ಜಾಕ್ಸನ್ 1982ರಲ್ಲಿ ಒಂದು ಹೆಜ್ಜೆ ಮುಂದೆ ಹೋದರು. ಕಪ್ಪುಬಿಳುಪು ಕೋಣೆಯಲ್ಲೇ ಬೆಳೆದ ಮೇರಿಗೆ ಬಣ್ಣದ ದೃಷ್ಟಿಯ ಬಗ್ಗೆ ಎಲ್ಲ ಭೌತಿಕ ಸಂಗತಿಗಳೂ ಗೊತ್ತು. ಹೊರಬಂದು ಕೆಂಪು ಕಂಡಾಗ ಹೊಸದೇನಾದರೂ ಕಲಿಯುತ್ತಾಳೆಯೇ? ಕಲಿಯುತ್ತಾಳೆ ಎಂದರೆ ಎಲ್ಲ ಸಂಗತಿಗಳೂ ಭೌತಿಕವಲ್ಲ ಎಂಬ ತೀರ್ಮಾನ. ಇದಕ್ಕೆ ಡೇವಿಡ್ ಲೂಯಿಸ್ ಮುಂತಾದವರ ಉತ್ತರ, ಅವಳಿಗೆ ಸಿಕ್ಕಿದ್ದು ಹೊಸ ಸಂಗತಿಯಲ್ಲ, ಕೆಂಪನ್ನು ಗುರುತಿಸುವ, ನೆನೆಯುವ, ಕಲ್ಪಿಸುವ ಹೊಸ ಕುಶಲತೆ. ಜಾಕ್ಸನ್ ಅವರೇ ಮುಂದೆ ತಮ್ಮ ತೀರ್ಮಾನವನ್ನು ಕೈಬಿಟ್ಟರು. ಜಾನ್ ಸರ್ಲ್ ಅವರ 1980ರ ಚೀನೀ ಕೋಣೆಯಲ್ಲಿ ಚೀನೀ ಬಾರದ ಒಬ್ಬ ಕೂತು, ನಿಯಮಪುಸ್ತಕ ನೋಡಿಕೊಂಡೇ ಚೀನೀ ಪ್ರಶ್ನೆಗಳಿಗೆ ಸರಿಯಾದ ಚೀನೀ ಉತ್ತರ ಕೊಡುತ್ತಾನೆ. ಇದರ ಬಗ್ಗೆ ಒಂದೇ ಎಚ್ಚರ: ಯಂತ್ರ ಎಂದೂ ಯೋಚಿಸಲಾರದು ಎಂದು ಅದು ಹೇಳುವುದಿಲ್ಲ. ಮಿದುಳೂ ಒಂದು ಯಂತ್ರವೇ ಎಂದು ಸರ್ಲ್ ಒಪ್ಪುತ್ತಾರೆ. ನಿಯಮದ ಪ್ರಕಾರ ಚಿಹ್ನೆಗಳನ್ನು ಜರುಗಿಸುವ ಪ್ರೋಗ್ರಾಮ್ ಒಂದರಿಂದಲೇ ಅರ್ಥಗ್ರಹಣ ಹುಟ್ಟದು ಎಂಬಷ್ಟೇ ಅವರ ವಾದ. ಕೋಣೆಯೊಳಗಿನವನಿಗೆ ಅರ್ಥವಾಗದಿದ್ದರೂ ಇಡೀ ವ್ಯವಸ್ಥೆಗೆ ಅರ್ಥವಾಗುತ್ತದೆ ಎಂಬ ಆಕ್ಷೇಪವನ್ನೂ ಅವರು ಅದೇ ಪ್ರಬಂಧದಲ್ಲಿ ಎದುರಿಸಿದ್ದಾರೆ, ಆ ಪುಟಗಳನ್ನು ಹಾರಿಸಬೇಡಿ. ಕೊನೆಗೆ 1995ರ ಡೇವಿಡ್ ಚಾಮರ್ಸ್. ಗಮನ, ನೆನಪು, ಮಾತು ಇವನ್ನು ವಿವರಿಸುವುದು ತುಲನೆಯಲ್ಲಿ ಸುಲಭದ ಸಮಸ್ಯೆ, ಇವೆಲ್ಲದರ ಜೊತೆ ಅನುಭವವೇಕೆ ಇರುತ್ತದೆ ಎಂಬುದು ಕಠಿಣ ಸಮಸ್ಯೆ ಎಂದು ಅವರು ಗೆರೆ ಎಳೆದರು. ಇದು ಇನ್ನೂ ಇತ್ಯರ್ಥವಾಗಿಲ್ಲ: ತತ್ವಶಾಸ್ತ್ರಜ್ಞರ ನಡುವೆ 2020ರಲ್ಲಿ ನಡೆದ ಫಿಲ್‌ಪೇಪರ್ಸ್ ಸಮೀಕ್ಷೆಯಲ್ಲಿ ಮನಸ್ಸಿನ ವಿಚಾರಕ್ಕೆ ಸುಮಾರು ಶೇಕಡಾ 52 ಜನ ಭೌತವಾದದ ಕಡೆ ಇದ್ದರು, ಸುಮಾರು ಶೇಕಡಾ 32 ಜನ ಅದಕ್ಕೆ ಎದುರು.

ಫೂಕೋಗೆ ಬೇರೆ ಕನ್ನಡಕ

ಇಲ್ಲಿಯವರೆಗಿನ ವಿಧಾನವನ್ನು ಹಾಗೇ ಮಿಶೆಲ್ ಫೂಕೋನ ಮೇಲೆ ಪ್ರಯೋಗಿಸಿದರೆ ಕೈಗೆ ಏನೂ ಸಿಗದು. ಅವರು ಆಧಾರವಾಕ್ಯಗಳನ್ನು ಸಾಲಾಗಿ ಜೋಡಿಸುವವರಲ್ಲ. 1975ರ ಶಿಕ್ಷೆ ಕುರಿತ ಗ್ರಂಥದ ಮೊದಲ ಏಳೆಂಟು ಪುಟ ತೆಗೆಯಿರಿ. ಶುರುವಿಗೆ 1757ರ ಮಾರ್ಚ್ 28ರಂದು ದಾಮಿಯೆನ್ ಎಂಬವನಿಗೆ ಸಾರ್ವಜನಿಕವಾಗಿ ಕೊಟ್ಟ ಭೀಕರ ಮರಣದಂಡನೆಯ ವಿವರ. ಅದರ ಬೆನ್ನಿಗೇ, ಸುಮಾರು ಎಂಬತ್ತು ವರ್ಷ ಆಮೇಲಿನ ಪ್ಯಾರಿಸ್ಸಿನ ಬಾಲಕೈದಿಗಳ ಮನೆಯ ದಿನಚರಿ: ಚಳಿಗಾಲದಲ್ಲಿ ಬೆಳಿಗ್ಗೆ ಆರಕ್ಕೆ, ಬೇಸಿಗೆಯಲ್ಲಿ ಐದಕ್ಕೆ ದಿನದ ಆರಂಭ, ವರ್ಷವಿಡೀ ದಿನಕ್ಕೆ ಒಂಬತ್ತು ಗಂಟೆ ದುಡಿಮೆ, ಮೊದಲ ಡೋಲಿನ ಸದ್ದಿಗೆ ಮೌನವಾಗಿ ಎದ್ದು ಬಟ್ಟೆ ತೊಡಬೇಕು. ಎರಡು ದಾಖಲೆಗಳನ್ನು ಎದುರುಬದುರು ಕಾಲಂನಲ್ಲಿ ಬರೆದು ಈ ಪ್ರಶ್ನೆಗಳನ್ನು ಹಾಕಿ. ಶಿಕ್ಷೆ ಯಾವುದರ ಮೇಲೆ ಬೀಳುತ್ತದೆ? ಯಾರು ನೋಡುತ್ತಾರೆ? ಎಷ್ಟು ಹೊತ್ತು? ಉದ್ದೇಶವೇನು? ಮೊದಲನೆಯದರಲ್ಲಿ ಊರೆಲ್ಲ ಅಪರಾಧಿಯನ್ನು ನೋಡುತ್ತದೆ, ಕೆಲವು ಗಂಟೆಯಲ್ಲಿ ದೇಹವೇ ನಾಶವಾಗುತ್ತದೆ. ಎರಡನೆಯದರಲ್ಲಿ ನೋಡುವವರು ಕೆಲವೇ ಮಂದಿ, ಆದರೆ ಅವರು ಎಡೆಬಿಡದೆ ನೋಡುತ್ತಾರೆ. ದೇಹ ಉಳಿಯುತ್ತದೆ, ಅಭ್ಯಾಸ ಬದಲಾಗುತ್ತದೆ. 'ಶಿಕ್ಷೆ ಮಾನವೀಯವಾಯಿತು' ಎಂಬ ನಮ್ಮ ಸಿದ್ಧ ವಿವರಣೆ ಇದರಲ್ಲಿ ಏನನ್ನು ಮರೆಸುತ್ತದೆ ಎಂಬುದೇ ಗ್ರಂಥದ ಪ್ರಶ್ನೆ.

'ಅಧಿಕಾರ' ಎಂಬ ಅನುವಾದವೂ ಓದುಗರನ್ನು ಅಡ್ಡದಾರಿಗೆ ಎಳೆಯುತ್ತದೆ. ಕನ್ನಡದಲ್ಲಿ ಅಧಿಕಾರ ಎಂದೊಡನೆ ಕುರ್ಚಿ, ಹುದ್ದೆ, ಆಳುವವರು ಕಣ್ಣಮುಂದೆ ಬರುತ್ತಾರೆ. ಫೂಕೋ ಹೇಳುವುದು ಯಾರ ಕೈಯಲ್ಲೂ ಇಡಿಯಾಗಿ ಇರದ, ಸಂಬಂಧಗಳಲ್ಲಿ ಹರಿದಾಡುವ, ತಡೆಯುವುದಕ್ಕಿಂತ ಹೆಚ್ಚಾಗಿ ಉತ್ಪಾದಿಸುವ ಬಲವನ್ನು: ಒಳ್ಳೆಯ ವಿದ್ಯಾರ್ಥಿ, ವಿಧೇಯ ಸೈನಿಕ, ರೋಗಿಯ ಕಡತ ಎಲ್ಲವೂ ಅದರ ಫಲ. ಅಧಿಕಾರ ಕೆಟ್ಟದ್ದು ಎಂಬುದೇ ಫೂಕೋನ ಸಾರ ಎಂದವರು ಎರಡನೆಯ ಕಾಲಂ ಓದಿಲ್ಲ.

ಡೆರಿಡಾನನ್ನು ಈ ನಾಲ್ಕೈದು ತಿಂಗಳಲ್ಲಿ ಮುಟ್ಟದಿರುವುದೇ ಮೇಲು. ಅವರು ಓದುವುದು ಹುಸರ್ಲ್, ರೂಸೋ, ಸಸ್ಯೂರ್ ಅವರ ಬರಹಗಳ ಅಂಚಿನಲ್ಲಿ ನಿಂತು. ಆ ಬರಹಗಳ ಪರಿಚಯ ಇಲ್ಲದವರಿಗೆ ಅಂಚು ಕಾಣುತ್ತದೆ, ಪುಟ ಕಾಣುವುದಿಲ್ಲ.

ಕೇಳಿಸದ ಮಾತು

ಗಾಯತ್ರಿ ಚಕ್ರವರ್ತಿ ಸ್ಪಿವಾಕ್ ಅವರ 1988ರ ಪ್ರಬಂಧವನ್ನೂ ಮಿರಾಂಡಾ ಫ್ರಿಕರ್ ಅವರ 2007ರ ಗ್ರಂಥವನ್ನೂ ಬೇರೆಬೇರೆ ಕಪಾಟಿನಲ್ಲಿ ಇಡುವ ರೂಢಿ. ಒಟ್ಟಿಗೆ ಓದಿದರೆ ಎರಡೂ ಬೆಳಗುತ್ತವೆ, ಆದರೆ ಫ್ರಿಕರ್ ಮೊದಲು, ಏಕೆಂದರೆ ಅವರ ಗದ್ಯ ತಿಳಿಯಾದದ್ದು. ಅವರು ಎರಡು ಅನ್ಯಾಯಗಳನ್ನು ಬೇರ್ಪಡಿಸುತ್ತಾರೆ. ಒಂದು, ಹೇಳುವವರ ಜಾತಿ, ಲಿಂಗ, ಬಣ್ಣ ನೋಡಿ ಅವರ ಮಾತಿಗೆ ಸಲ್ಲಬೇಕಾದ ನಂಬಿಕೆಯನ್ನು ಕಡಿಮೆ ಮಾಡುವುದು. ಇನ್ನೊಂದು ಇದಕ್ಕಿಂತ ಸೂಕ್ಷ್ಮ: ತಮಗಾದದ್ದನ್ನು ಹೇಳಲು ಬೇಕಾದ ಪದವೇ ಸಮಾಜದಲ್ಲಿ ಇಲ್ಲದಿರುವುದು. ಅಮೆರಿಕದ ಕಾರ್ಮಿಟಾ ವುಡ್ ಎಂಬ ನೌಕರೆ ಮೇಲಿನವನೊಬ್ಬನ ಕಾಟ ತಾಳಲಾರದೆ ಕೆಲಸ ಬಿಟ್ಟಾಗ, ನಿರುದ್ಯೋಗ ಭತ್ಯೆಯ ಅರ್ಜಿಯಲ್ಲಿ ಕಾರಣ ಬರೆಯಲು ಪದವಿರಲಿಲ್ಲ, ವೈಯಕ್ತಿಕ ಕಾರಣ ಎಂದು ಹೇಳಬೇಕಾಯಿತು. 'ಲೈಂಗಿಕ ಕಿರುಕುಳ' ಎಂಬ ಹೆಸರನ್ನು 1975ರಲ್ಲಿ ಹೆಂಗಸರ ಒಂದು ಗುಂಪು ಕೂತು ಹುಡುಕಿತು.

ಈ ಎರಡನೆಯದನ್ನು ಕೈಯಲ್ಲಿ ಹಿಡಿದು ಸ್ಪಿವಾಕ್ ಪ್ರಬಂಧದ ಕೊನೆಯ ಭಾಗಕ್ಕೆ ಹೋಗಿ. 1926ರಲ್ಲಿ ಉತ್ತರ ಕಲ್ಕತ್ತೆಯಲ್ಲಿ ಭುವನೇಶ್ವರಿ ಭಾದುಡಿ ಎಂಬ ಹದಿಹರೆಯದ ಹುಡುಗಿ ನೇಣು ಹಾಕಿಕೊಂಡಳು. ಅವಳು ಸಶಸ್ತ್ರ ಹೋರಾಟದ ಗುಂಪಿನಲ್ಲಿದ್ದಳು, ಒಪ್ಪಿಸಿದ್ದ ಹತ್ಯೆಯನ್ನು ಮಾಡಲಾಗಿರಲಿಲ್ಲ. ತನ್ನ ಸಾವಿಗೆ ಗುಟ್ಟಿನ ಗರ್ಭ ಕಾರಣವೆಂದು ಜನ ಆಡಿಕೊಳ್ಳುತ್ತಾರೆಂದು ಗೊತ್ತಿದ್ದು, ಮುಟ್ಟಿನ ದಿನ ಬರುವ ತನಕ ಕಾದಿದ್ದಳು. ದೇಹವನ್ನೇ ಪತ್ರವಾಗಿ ಬಿಟ್ಟುಹೋದಳು. ಆದರೂ ಅವಳ ಮನೆತನದವರ ನೆನಪಿನಲ್ಲಿ ಅದು ಪ್ರೇಮಪ್ರಕರಣವಾಗಿಯೇ ಉಳಿಯಿತು. ತಳವರ್ಗದವರು ಮಾತಾಡಲಾರರು ಎಂಬ ಸ್ಪಿವಾಕ್ ವಾಕ್ಯವನ್ನು 'ಅವರಿಗೆ ದನಿಯಿಲ್ಲ' ಎಂದು ಓದುವುದು ತಪ್ಪು ಎಂದು ಇದೊಂದೇ ಪ್ರಸಂಗ ತೋರಿಸುತ್ತದೆ. ಅವಳು ಮಾತಾಡಿದಳು. ಆ ಮಾತು ಮಾತಾಗಿ ತಲುಪಲು ಬೇಕಾದ ಕಿವಿ ಇರಲಿಲ್ಲ.

ಕೊನೆಯ ಹೆಜ್ಜೆ: ಒಂದು ಪುಟ

ಪ್ರತಿ ಪ್ರಬಂಧ ಮುಗಿದ ಮೇಲೆ ಸುಮಾರು 300 ಪದಗಳ ಒಂದು ಪುಟ ಬರೆಯಿರಿ. ಮೊದಲ ಮೂರನೆಯ ಒಂದು ಭಾಗದಲ್ಲಿ ವಾದವನ್ನು ಅದರ ಲೇಖಕರೇ ಓದಿದರೂ 'ಹೌದು, ಇದೇ' ಎನ್ನುವಂತೆ ಹೇಳಿ. ಆಮೇಲೆ ಒಂದೇ ಆಕ್ಷೇಪ, ಯಾವ ಸಾಲಿನ ಮೇಲೆ ಎಂದು ಸ್ಪಷ್ಟವಾಗಿ. ಮೂರು ಆಕ್ಷೇಪ ಬರೆದರೆ ಮೂರೂ ತೆಳುವಾಗುತ್ತವೆ. ಕೊನೆಯ ಭಾಗದಲ್ಲಿ ನಿಮ್ಮ ಆಕ್ಷೇಪಕ್ಕೆ ಲೇಖಕರು ಕೊಡಬಹುದಾದ ಅತ್ಯುತ್ತಮ ಉತ್ತರ ಬರೆಯಿರಿ, ಅದು ನಿಮ್ಮ ಆಕ್ಷೇಪವನ್ನು ಕೊಂದರೂ ಸರಿ.

'ಇದು ಅವರವರ ಅಭಿಪ್ರಾಯ' ಎಂಬ ಸಾಲು ಪುಟದಲ್ಲಿ ಎಲ್ಲಾದರೂ ನುಸುಳಿದ್ದರೆ ಹೊಡೆದುಹಾಕಿ, ಆ ಜಾಗದಲ್ಲಿ ಒಂದು ಕಾರಣ ಬರೆಯಿರಿ. ಪುಟವನ್ನು ಒಂದು ವಾರ ಮುಚ್ಚಿಟ್ಟು ಮತ್ತೆ ತೆಗೆಯಿರಿ. ಪ್ರಬಂಧ ಓದಿರದ ಸ್ನೇಹಿತರೊಬ್ಬರಿಗೆ ಮೊದಲ ಭಾಗವನ್ನಷ್ಟೇ ಗಟ್ಟಿಯಾಗಿ ಓದಿ ಹೇಳಿ. ಅವರು 'ಇದರಲ್ಲೇನು ತಪ್ಪು, ಸರಿಯಾಗಿಯೇ ಇದೆಯಲ್ಲ' ಎಂದು ವಾದದ ಪರ ನಿಂತರೆ ಎರಡನೆಯ ಭಾಗ ಓದಿ. ನಿಲ್ಲದಿದ್ದರೆ ಮೂಲ ಪ್ರಬಂಧಕ್ಕೆ ಮರಳಿ, ನಾಲ್ಕನೆಯ ಸಲ.